ಮೂರನೇ ಬಾಲ್‌ಗೇ ವಾಕ್ ಕೊಟ್ಟೆ, ವಾಪಸ್ ಕರೆಯಬೇಕಿತ್ತಾ?

ಧಾರವಾಡ_ಹೊಸ_ಅಂಪೈರ್:
ಎಲ್ಲರಿಗೂ ನಮಸ್ಕಾರ. ಬಿ.ಪಿ.ಎಡ್ ಮುಗಿಸಿ ಈ ವರ್ಷದಿಂದ ಶಾಲಾ ಸಾಫ್ಟ್‌ಬಾಲ್ ಮ್ಯಾಚ್‌ಗಳಿಗೆ ಅಂಪೈರ್ ಆಗಿ ನಿಲ್ಲುತ್ತಿದ್ದೇನೆ. ಹೋದ ವಾರ ಹೈಸ್ಕೂಲ್ ಹುಡುಗಿಯರ ಮ್ಯಾಚ್‌ನಲ್ಲಿ ಒಂದು ತಪ್ಪಾಯಿತು, ಅದು ತಲೆಯಿಂದ ಹೋಗುತ್ತಿಲ್ಲ.

ಆರನೇ ಇನ್ನಿಂಗ್ಸ್, ಒಂದು ಔಟ್, ಫಸ್ಟ್ ಬೇಸ್‌ನಲ್ಲಿ ರನ್ನರ್. ಮೊದಲ ಪಿಚ್ (ಎಸೆತ) ಬಾಲ್, ಅಂದರೆ ಬ್ಯಾಟರ್ ಬೀಸದ, ಗುರಿ ತಪ್ಪಿದ ಎಸೆತ; ನಾಲ್ಕಾದರೆ ವಾಕ್, ಬ್ಯಾಟರ್ ಸುಮ್ಮನೆ ಫಸ್ಟ್ ಬೇಸ್‌ಗೆ ಹೋಗುತ್ತಾಳೆ. ಎರಡನೆಯದು ಫೌಲ್, ಗೆರೆ ಆಚೆ ಹೋದ ಹೊಡೆತ, ಹಾಗಾಗಿ ಒಂದು ಸ್ಟ್ರೈಕ್ (ಮೂರಾದರೆ ಬ್ಯಾಟರ್ ಔಟ್). ಮೂರನೆಯದಕ್ಕೆ ಹುಡುಗಿ ಬ್ಯಾಟ್ ಬೀಸಲು ಹೋಗಿ ಅರ್ಧಕ್ಕೆ ತಡೆದಳು, ಚೆಕ್ ಸ್ವಿಂಗ್ ಅಂತಾರಲ್ಲ ಅದು. ನಾನು ಬಾಲ್ ಅಂದೆ, ಕೈಯಲ್ಲಿದ್ದ ಕ್ಲಿಕ್ಕರ್‌ನಲ್ಲಿ (ಬಾಲ್, ಸ್ಟ್ರೈಕ್ ಎಣಿಸುವ ಪುಟ್ಟ ಸಾಧನ) ಬಾಲ್ ಗಾಲಿ ತಿರುಗಿಸಿಬಿಟ್ಟೆ. ಅಷ್ಟರಲ್ಲಿ ಕ್ಯಾಚರ್ "ಸರ್, ಬೇಸ್ ಅಂಪೈರ್‌ನ ಕೇಳ್ರೀ" ಅಂದಳು. ಕೇಳಿದೆ, ಅವರು ಸ್ಟ್ರೈಕ್ ಅಂತ ಕೈ ಎತ್ತಿದರು. ಸ್ಟ್ರೈಕ್ ಗಾಲಿ ತಿರುಗಿಸಿದೆ. ಆದರೆ ಮೊದಲು ತಿರುಗಿಸಿದ್ದ ಬಾಲ್ ಅನ್ನು ಹಿಂದಕ್ಕೆ ತರಲಿಲ್ಲ. ಆಮೇಲೆ ಎರಡು ಬಾಲ್ ಬಿದ್ದವು. ಕ್ಲಿಕ್ಕರ್ ನಾಲ್ಕು ತೋರಿಸಿತು, ನಾನು ಬಾಲ್ ಫೋರ್ ಅಂತ ಕೂಗಿ ಹುಡುಗಿಯನ್ನು ಫಸ್ಟ್‌ಗೆ ಕಳಿಸಿದೆ, ಅಲ್ಲಿದ್ದವಳು ಸೆಕೆಂಡ್‌ಗೆ ಹೋದಳು.

ಮುಂದಿನ ಬ್ಯಾಟರ್ ಇನ್ನೂ ಬಾಕ್ಸ್‌ಗೆ ಬರುತ್ತಿದ್ದಳು, ಫೀಲ್ಡಿಂಗ್ ಕಡೆಯ ಕೋಚ್ ಪುಸ್ತಕ ಹಿಡಿದು ಓಡಿ ಬಂದರು. "ಸರ್, ಮೂರೇ ಬಾಲ್ ಆಗ್ಯಾವ್ರಿ." ನಾನು ಕ್ಲಿಕ್ಕರ್ ತೋರಿಸಿ, ಅಂಪೈರ್ ಹೇಳಿದ್ದೇ ಕೊನೆ ಅಂತ ಕಳಿಸಿಬಿಟ್ಟೆ. ಮುಂದಿನ ಹುಡುಗಿ ದೂರ ಹೊಡೆದಳು, ಇಬ್ಬರೂ ಹೋಮ್ ಸೇರಿದರು. ಆ ಕೋಚ್ ಟೀಮು ಒಂದೇ ರನ್ನಿನಿಂದ ಸೋತಿತು, ಹುಡುಗಿಯರು ಅಳುತ್ತಾ ಬಸ್ ಹತ್ತಿದರು. ವಾಪಸ್ ಕರೆಯುವ ಅಧಿಕಾರ ನನಗಿತ್ತಾ?

ಗದಗ_ಪ್ಲೇಟ್_ಹಿಂದೆ:
ತಮ್ಮಾ, ಇತ್ತು. ಕರೆಯಲೇಬೇಕಿತ್ತು.

ಎರಡು ವಿಷಯ ಬೇರೆ ಬೇರೆ ಇಟ್ಟುಕೋ. ಪಿಚ್ ಬಾಲೋ ಸ್ಟ್ರೈಕೋ ಅನ್ನೋದು ನಿನ್ನ ಕಣ್ಣಿನ ತೀರ್ಮಾನ, ಅದರ ಮೇಲೆ ಯಾರೂ ಪ್ರೊಟೆಸ್ಟ್ ಹಾಕುವಂತಿಲ್ಲ. ಆದರೆ ಎಷ್ಟು ಬಾಲ್ ಆಗಿವೆ ಅನ್ನೋದು ಬರೀ ಲೆಕ್ಕ. ಮೂರು ಬಾಲ್‌ಗೆ ವಾಕ್ ಕೊಡುವ ನಿಯಮ ಯಾವ ಪುಸ್ತಕದಲ್ಲೂ ಇಲ್ಲ, ಹಾಗಾಗಿ ಅದು ನಿಯಮದ ತಪ್ಪು, ಅದನ್ನು ಸರಿ ಮಾಡಬಹುದು. ಮುಂದಿನ ಪಿಚ್ ಬೀಳುವುದರೊಳಗೆ ಮಾಡಬೇಕು ಅಷ್ಟೇ. ಹೊಸ ಬ್ಯಾಟರ್‌ಗೆ ಒಂದು ಪಿಚ್ ಹೋಯಿತು ಅಂದರೆ, ಅದು ಇಲ್ಲೀಗಲ್ ಪಿಚ್ (ನಿಯಮ ಮೀರಿದ ಎಸೆತ) ಆದರೂ ಸರಿ, ಬಾಗಿಲು ಮುಚ್ಚಿತು, ಆಗಿದ್ದು ಆಯಿತು. ನಿನ್ನ ಕೋಚ್ ಸರಿಯಾದ ಹೊತ್ತಿಗೇ ಬಂದಿದ್ದರು.

ನೀನೇ ಬರೆದಿದ್ದನ್ನು ಎಣಿಸಿ ನೋಡು. ಬಾಲ್, ಫೌಲ್, ಸ್ಟ್ರೈಕ್, ಬಾಲ್, ಬಾಲ್. ಒಟ್ಟು ಐದು ಪಿಚ್. ನಿನ್ನ ಕ್ಲಿಕ್ಕರ್‌ನಲ್ಲಿ ನಾಲ್ಕು ಬಾಲ್, ಎರಡು ಸ್ಟ್ರೈಕ್, ಅಂದರೆ ಆರು. ಎರಡು ಸ್ಟ್ರೈಕ್ ಆದ ಮೇಲೆ ಬೀಳುವ ಫೌಲ್‌ಗಳು ಎಣಿಕೆಗೆ ಸೇರದ್ದರಿಂದ ಪಿಚ್ ಜಾಸ್ತಿ ಆಗಬಹುದು, ಆದರೆ ಪಿಚ್ ಇಲ್ಲದೆಯೇ ಬಾಲ್ ಕೊಟ್ಟ ಸಂದರ್ಭ ಬಿಟ್ಟರೆ ಕೌಂಟ್‌ಗಿಂತ (ಬಾಲ್, ಸ್ಟ್ರೈಕ್ ಲೆಕ್ಕ) ಕಡಿಮೆ ಆಗುವುದಿಲ್ಲ. ಈ ಒಂದು ಲೆಕ್ಕ ಹಾಕಿದ್ದರೆ ಅಲ್ಲೇ ಗೊತ್ತಾಗುತ್ತಿತ್ತು.

ಇಂಥ ಹೊತ್ತಲ್ಲಿ ನಾನು ಟೈಮ್ ಕರೆದು ಬೇಸ್ ಅಂಪೈರ್ ಜೊತೆ ಪಿಚ್ಚರ್ ಸರ್ಕಲ್ ಆಚೆ ಹೋಗಿ ನಿಲ್ಲುತ್ತೇನೆ, ಆಟಗಾರರು, ಕೋಚ್ ಯಾರೂ ಹತ್ತಿರ ಇರಬಾರದು. ಕೌಂಟ್ ಎಷ್ಟು ಅಂತ ಕೇಳುವುದಿಲ್ಲ. ಮೊದಲ ಪಿಚ್ ಏನಾಯಿತು, ಎರಡನೆಯದು ಏನಾಯಿತು ಅಂತ ಒಂದೊಂದಾಗಿ ಕೇಳುತ್ತೇನೆ. ಆಗ "ಹೌದ್ರೀ, ಆ ಚೆಕ್ ಸ್ವಿಂಗ್ ನಾನೇ ಸ್ಟ್ರೈಕ್ ಕೊಟ್ಟಿದ್ದೆ" ಅಂತ ತಾನಾಗಿ ನೆನಪಾಗುತ್ತದೆ. ಆದರೂ ಬಗೆಹರಿಯದಿದ್ದರೆ ಅಧಿಕೃತ ಸ್ಕೋರರ್ ಪುಸ್ತಕ ನೋಡುತ್ತೇನೆ. ಟೀಮಿನ ಪುಸ್ತಕ ನೋಡುವುದಿಲ್ಲ. ಕೊನೆಗೆ ಎಲ್ಲರಿಗೂ ಕೇಳುವಂತೆ "ಮೂರು ಬಾಲ್, ಎರಡು ಸ್ಟ್ರೈಕ್" ಅಂತ ಕೂಗಿ ಎರಡೂ ಕೈ ಎತ್ತಿ ತೋರಿಸುವುದು, ಎಡಗೈಯಲ್ಲಿ ಬಾಲ್, ಬಲಗೈಯಲ್ಲಿ ಸ್ಟ್ರೈಕ್.

ಹುಬ್ಬಳ್ಳಿ_ಸ್ಕೋರ್_ಟೇಬಲ್:
ಸ್ಕೋರರ್ ಕಡೆಯಿಂದ ಒಂದು ಮಾತು. ಪುಸ್ತಕದಲ್ಲಿ ಪ್ರತಿ ಬ್ಯಾಟರ್ ಮನೆಯಲ್ಲೂ ಬಾಲ್, ಸ್ಟ್ರೈಕ್‌ಗೆ ಚಿಕ್ಕ ಚೌಕ ಇರುತ್ತವೆ. ಎರಡು ಸ್ಟ್ರೈಕ್ ಆದಮೇಲಿನ ಫೌಲ್‌ಗೂ ನಾನು ಪಕ್ಕದಲ್ಲಿ ಒಂದು ಚುಕ್ಕೆ ಇಡುತ್ತೇನೆ. ಅಂಪೈರ್ ಬಂದು ಕೇಳಿದಾಗ ಆ ಚುಕ್ಕೆಗಳೇ ಕೆಲಸಕ್ಕೆ ಬರುತ್ತವೆ. ಆದರೆ ಟೇಬಲ್‌ನಿಂದ ಕೂಗಿ ಹೇಳುವುದಿಲ್ಲ, ಕೂಗಿದರೆ ಎರಡೂ ಡಗೌಟ್‌ನಿಂದ ಜಗಳ ಶುರುವಾಗುತ್ತದೆ.

ನಮ್ಮಲ್ಲಿ ಎಲ್ಲರೂ ಮೊದಲು ಕ್ರಿಕೆಟ್ ನೋಡಿ ಬೆಳೆದವರು, ಗೊಂದಲ ಅಲ್ಲಿಂದಲೇ ಬರುತ್ತದೆ ಅಂತ ನನಗೆ ಅನಿಸುತ್ತದೆ. ಕ್ರಿಕೆಟ್‌ನ 17ನೇ ನಿಯಮದಲ್ಲಿ ಅಂಪೈರ್ ಓವರಿನ ಎಸೆತ ತಪ್ಪಾಗಿ ಎಣಿಸಿದರೆ ಅವರು ಎಣಿಸಿದ್ದೇ ಓವರ್. ಐದಕ್ಕೆ ಓವರ್ ಅಂದರೆ ಐದೇ. ಅದೇ ಮನಸ್ಸಿನಿಂದ ನೀವು "ಅಂಪೈರ್ ಹೇಳಿದ್ದೇ ಕೊನೆ" ಅಂದಿರಿ. ಸಾಫ್ಟ್‌ಬಾಲ್‌ನಲ್ಲಿ ಹಾಗಲ್ಲ.

ಹಾವೇರಿ_ಕ್ಯಾಚರ್_ಅಕ್ಕ:
ನಾನು ಕಾಲೇಜು ಮುಗಿಯುವವರೆಗೂ ಕ್ಯಾಚರ್ ಆಗಿದ್ದವಳು. ತಪ್ಪು ಒಬ್ಬ ಅಂಪೈರ್ ಮೇಲೆ ಹೊರಿಸುವುದು ನನಗೆ ಸರಿ ಕಾಣುವುದಿಲ್ಲ. ಚೆಕ್ ಸ್ವಿಂಗ್ ಸ್ಟ್ರೈಕ್ ಆದ ತಕ್ಷಣ ಕ್ಯಾಚರ್ "ಸರ್, ಒಂದು ಬಾಲ್ ಎರಡು ಸ್ಟ್ರೈಕ್ ಅಲ್ವಾ?" ಅಂತ ಕೇಳಬೇಕಿತ್ತು. ನಾನು ಬ್ಯಾಟರ್ ಒಬ್ಬೊಬ್ಬಳಿಗೂ ಒಂದೆರಡು ಸಲ ಕೇಳುತ್ತಿದ್ದೆ, ಒಬ್ಬ ಅಂಪೈರ್ ಕೂಡ ಬೇಜಾರು ಮಾಡಿಕೊಂಡಿಲ್ಲ.

ಹುಡುಗಿಯರಿಗೆ ಇದನ್ನೂ ಹೇಳಿಕೊಡಿ. ವಾಕ್ ಆದರೂ ಬಾಲ್ ಲೈವ್ ಆಗಿಯೇ ಇರುತ್ತದೆ, ಆಟ ನಿಲ್ಲುವುದಿಲ್ಲ. ಅಂಪೈರ್ ಬಾಲ್ ಫೋರ್ ಅನ್ನದೆ, ರನ್ನರ್ ತಾನೇ ನಾಲ್ಕಾಯಿತು ಅಂದುಕೊಂಡು ಸುಮ್ನೆ ನಡೆದು ಸೆಕೆಂಡ್‌ಗೆ ಹೋದರೆ ಟ್ಯಾಗ್ ಮಾಡಿ (ಬಾಲ್ ಹಿಡಿದು ಮುಟ್ಟಿಸಿ) ಔಟ್ ಮಾಡಬಹುದು. ನಾನೇ ಹಾಗೆ ಒಬ್ಬಳನ್ನು ಔಟ್ ಮಾಡಿಸಿದ್ದೇನೆ. ಇನ್ನೊಂದು, ಪಿಚ್ಚರ್ ಕೈಯಿಂದ ಬಾಲ್ ಬಿಡುವ ಮುಂಚೆ ರನ್ನರ್ ಬೇಸ್ ಬಿಟ್ಟರೆ ಅವಳು ಔಟ್, ಆ ಪಿಚ್ ಲೆಕ್ಕಕ್ಕೇ ಇಲ್ಲ. ಸ್ಕೋರ್ ಬೋರ್ಡ್ ತಿರುಗಿಸುವ ಮಕ್ಕಳು ಅಲ್ಲೇ ಒಂದು ಬಾಲ್ ಜಾಸ್ತಿ ಹಾಕಿಬಿಡುತ್ತಾರೆ, ಆಮೇಲೆ ಇಡೀ ಗ್ರೌಂಡ್ ಆ ಬೋರ್ಡ್ ನೋಡಿ ಕೂಗುತ್ತದೆ.

ಧಾರವಾಡ_ಹೊಸ_ಅಂಪೈರ್:
ತುಂಬಾ ಧನ್ಯವಾದ. ಗದಗದ ಸರ್, ಒಂದು ಪ್ರಶ್ನೆ. ಬ್ಯಾಟರ್‌ನ ವಾಪಸ್ ಕರೆದರೆ ಸೆಕೆಂಡ್‌ಗೆ ಹೋದ ರನ್ನರ್? ಅವಳು ಪಿಚ್ ಜೊತೆಗೇ ಬೇಸ್ ಕದಿಯಲು, ಅಂದರೆ ತಾನಾಗಿ ಸೆಕೆಂಡ್ ಹಿಡಿಯಲು ಓಡಿದ್ದರೆ?

ಗದಗ_ಪ್ಲೇಟ್_ಹಿಂದೆ:
ವಾಕ್ ಸಿಕ್ಕಿತು ಅಂತ ಹೋದವಳು ಫಸ್ಟ್‌ಗೇ ವಾಪಸ್. ಓಡಿದ್ದರೂ ನಾನಾದರೆ ಫಸ್ಟ್‌ಗೇ ಕಳಿಸುತ್ತೇನೆ, ಯಾಕಂದರೆ ನೀನು ಬಾಲ್ ಫೋರ್ ಅಂತ ಕೂಗಿದ್ದಕ್ಕೇ ಕ್ಯಾಚರ್ ಎಸೆಯಲಿಲ್ಲ. ನಿನ್ನ ಕೂಗಿನಿಂದ ಯಾವ ಕಡೆಗೆ ನಷ್ಟ ಆಯಿತೋ ಅದನ್ನು ಸರಿ ಮಾಡಬೇಕು.

ಕ್ಲಿಕ್ಕರ್ ಎಡಗೈಯಲ್ಲೇ ಇರಲಿ, ಬಲಗೈ ಸ್ಟ್ರೈಕ್, ಔಟ್ ತೋರಿಸಲು ಖಾಲಿ ಬೇಕು. ಚೆಕ್ ಸ್ವಿಂಗ್ ಅಪೀಲ್ ಮುಗಿಯುವವರೆಗೆ ಗಾಲಿ ಮುಟ್ಟಬೇಡ. ಬ್ಯಾಟರ್ ಬದಲಾದಾಗ ಪ್ಲೇಟ್ ಒರೆಸಲು ಬಗ್ಗುತ್ತೀಯಲ್ಲ, ಬ್ರಷ್ ಜೇಬಿಗೆ ಹಾಕುವ ಮುಂಚೆ ಎರಡೂ ಗಾಲಿ ಸೊನ್ನೆಗೆ ಬಂದಿವೆಯಾ ಅಂತ ಕಣ್ಣಿಂದ ನೋಡು, ಬೆರಳಿನ ಅಂದಾಜಿಗೆ ಬಿಡಬೇಡ. ಎರಡು ಪಿಚ್‌ಗೊಮ್ಮೆಯಾದರೂ ಕೌಂಟ್ ಜೋರಾಗಿ ಹೇಳು. ನೀನು ಹೇಳುತ್ತಿದ್ದರೆ ತಪ್ಪಿದ ಕೂಡಲೇ ಯಾರಾದರೂ ಹಿಡಿಯುತ್ತಾರೆ.

ಧಾರವಾಡ_ಹೊಸ_ಅಂಪೈರ್:
ಆ ಕೋಚ್ ನಂಬರ್ ನನ್ನ ಹತ್ತಿರ ಇದೆ ಸರ್. ಇವತ್ತು ರಾತ್ರಿ ಫೋನ್ ಮಾಡಿ ನಿಮ್ಮ ಪುಸ್ತಕ ಸರಿ ಇತ್ತು ಅಂತ ಹೇಳುತ್ತೇನೆ.

ಗದಗ_ಪ್ಲೇಟ್_ಹಿಂದೆ:
ಫೋನ್ ಬೇಡ ತಮ್ಮಾ. ಬೆಳಿಗ್ಗೆ ಅವರ ಪ್ರಾಕ್ಟೀಸ್ ಹೊತ್ತಿಗೆ ಹೋಗು, ಆ ಹುಡುಗಿಯರ ಎದುರಿಗೇ ಹೇಳು.