ವಿಜಯಪುರಕ್ಕೆ ಎರಡು ದಿನ, ಜೊತೆಗೆ ಹಿರಿಯರು: ಯಾವುದನ್ನು ಯಾವ ಹೊತ್ತಿಗೆ ನೋಡಬೇಕು?

ದಾರಿಬುತ್ತಿ:
ಡಿಸೆಂಬರ್ ಮೂರನೇ ವಾರದ ಗುರುವಾರ ಬೆಳಗಿನ ರೈಲಿಗೆ ವಿಜಯಪುರ ತಲುಪಿ, ಶುಕ್ರವಾರ ರಾತ್ರಿ ಬಸ್ಸಿಗೆ ಹೊರಡುವ ಯೋಚನೆ. ನಾವು ಐದು ಜನ. ಅದರಲ್ಲಿ ಇಬ್ಬರು ಎಪ್ಪತ್ತು ದಾಟಿದವರು, ಒಬ್ಬರಿಗೆ ಮಂಡಿನೋವು. ಹತ್ತು ವರ್ಷದ ಹುಡುಗಿಯೂ ಇದ್ದಾಳೆ. ಎಲ್ಲ ಕಡೆ ಹದಿನೈದು ಇಪ್ಪತ್ತು ಜಾಗಗಳ ಪಟ್ಟಿ ಸಿಗುತ್ತದೆ, ಆದರೆ ಯಾವುದರ ನಂತರ ಯಾವುದು, ಯಾವುದಕ್ಕೆ ಎಷ್ಟು ಹೊತ್ತು ಎಂದು ಯಾರೂ ಹೇಳುವುದಿಲ್ಲ. ಗೋಳಗುಮ್ಮಟ ಹತ್ತಲಾಗದವರು ಅಲ್ಲಿಗೆ ಬಂದು ಪ್ರಯೋಜನವಿದೆಯೇ? ಓಡಾಟಕ್ಕೆ ಏನು ಅನುಕೂಲ?

ಕೋಟೆಗೋಡೆ:
ಊರು ಪೂರ್ವ ಪಶ್ಚಿಮವಾಗಿ ಚಾಚಿಕೊಂಡಿದೆ ಎಂಬುದನ್ನು ಮೊದಲು ಮನಸ್ಸಿನಲ್ಲಿಟ್ಟುಕೊಳ್ಳಿ. ಪೂರ್ವದ ಕೊನೆಗೆ ಗೋಳಗುಮ್ಮಟ, ಅದರಿಂದ ನೈರುತ್ಯಕ್ಕೆ ಜುಮ್ಮಾ ಮಸೀದಿ. ನಡುವೆ ಅರಕಿಲ್ಲೆ ಎಂಬ ಒಳಕೋಟೆ, ಅದರ ಆಸುಪಾಸಿನಲ್ಲಿ ಆಸಾರ್ ಮಹಲ್, ಗಗನ್ ಮಹಲ್, ಮೆಹತರ್ ಮಹಲ್, ಬಾರಾ ಕಮಾನ್. ಪಶ್ಚಿಮಕ್ಕೆ ತಾಜ್ ಬಾವಡಿ ಎಂಬ ದೊಡ್ಡ ಬಾವಿ, ಮಲಿಕ್-ಎ-ಮೈದಾನ್ ತೋಪು, ಉಪ್ಪಲಿ ಬುರುಜ್. ಕೋಟೆಗೋಡೆ ದಾಟಿದರೆ ಇಬ್ರಾಹಿಂ ರೋಜಾ. ಈ ಮೂರು ಗುಂಪುಗಳನ್ನು ಕಲಸಿದರೆ ಒಂದೇ ರಸ್ತೆಯಲ್ಲಿ ನಾಲ್ಕು ಸಲ ಅಡ್ಡಾಡುವುದೇ ಆಗುತ್ತದೆ.

ನಿಮ್ಮ ದಿನಗಳಲ್ಲಿ ತೊಡಕಿರುವುದು ಶುಕ್ರವಾರ. ಗೋಳಗುಮ್ಮಟದ ಮುಂದಿನ ನಗಾರಖಾನೆಯಲ್ಲಿರುವ ಪುರಾತತ್ವ ಇಲಾಖೆಯ ಮ್ಯೂಸಿಯಂಗೆ ಅಂದು ರಜೆ. ಜುಮ್ಮಾ ಮಸೀದಿ ಇಂದಿಗೂ ನಮಾಜು ನಡೆಯುವ ಮಸೀದಿ, ಶುಕ್ರವಾರ ಮಧ್ಯಾಹ್ನ ಅಲ್ಲಿ ನೋಡುಗರಿಗೆ ಜಾಗವಿರುವುದಿಲ್ಲ. ಆದ್ದರಿಂದ ಇವೆರಡೂ ಗುರುವಾರಕ್ಕೇ.

ಗುರುವಾರ ರೂಮಿನಲ್ಲಿ ಸ್ನಾನ, ತಿಂಡಿ ಮುಗಿಸಿ ಹತ್ತು ಗಂಟೆಗೆ ಗೋಳಗುಮ್ಮಟದ ಅಂಗಳ ಸೇರಿ. ಮೊದಲು ಮ್ಯೂಸಿಯಂ, ಆಮೇಲೆ ಗುಮ್ಮಟದ ಒಳಗಿನ ಹಜಾರ. ಜುಮ್ಮಾ ಮಸೀದಿ ನೋಡಿ ಊಟ, ವಿಶ್ರಾಂತಿ. ಮೂರೂವರೆಗೆ ಇಬ್ರಾಹಿಂ ರೋಜಾ. ಶುಕ್ರವಾರ ಬೆಳಿಗ್ಗೆ ಅರಕಿಲ್ಲೆಯ ಸುತ್ತಮುತ್ತ, ಸಂಜೆ ತೋಪು ಮತ್ತು ಬುರುಜು.

ಟಿಕೆಟ್ ಇರುವುದು ಗೋಳಗುಮ್ಮಟಕ್ಕೆ ಮತ್ತು ಇಬ್ರಾಹಿಂ ರೋಜಾಕ್ಕೆ, ಬೇರೆ ಬೇರೆ. ಭಾರತೀಯರಿಗೆ ತಲಾ 25 ರೂಪಾಯಿ, ಆನ್‌ಲೈನ್‌ನಲ್ಲಿ ತೆಗೆದರೆ ಐದು ರೂಪಾಯಿ ಕಡಿಮೆ. 15 ವರ್ಷದೊಳಗಿನವರಿಗೆ ಇಲ್ಲ. ಮ್ಯೂಸಿಯಂಗೆ ಪ್ರತ್ಯೇಕ ಚೀಟಿ.

ಜ್ವಾರಿಹೊಲ:
ಗುಮ್ಮಟ ಹತ್ತೂದರ ಬಗ್ಗೆ ಅಷ್ಟ ಹೇಳ್ತೀನ್ರಿ, ಅಲ್ಲೇ ಭಾಳ ಮಂದಿ ತಪ್ಪತಾರ.

ನಾಕೂ ಮೂಲ್ಯಾಗ ಎಂಟು ಮೈಯಿನ ಮಿನಾರ ಅದಾವ, ಒಂದೊಂದೂ ಏಳು ಅಂತಸ್ತು. ಮೆಟ್ಟಲಾ ಅದರೊಳಗ ಸುತ್ತಿಕೋತ ಹೋಗ್ತಾವ. ಇಕ್ಕಟ್ಟು, ಕಡಿದು, ಒಂದ ಮೆಟ್ಟಲ ಇದ್ದಂಗ ಇನ್ನೊಂದಿಲ್ಲ. ಮೊಣಕಾಲ ನೋವಿದ್ದವರು ಹತ್ತಾಕ ಹೋಗಬ್ಯಾಡ್ರಿ. ಹತ್ತಿದ್ದಕ್ಕಿಂತ ಇಳಿಯೂದ ಹೆಚ್ಚು ತ್ರಾಸ, ಅರ್ಧಕ್ಕ ನಿಂತ್ರ ಹಿಂದಿನವರೆಲ್ಲಾ ನಿಲ್ಲಬೇಕು.

ಡಿಸೆಂಬರ್ ಅಂದ್ರ ಸಾಲಿ ಹುಡುಗರ ಪ್ರವಾಸದ ತಿಂಗಳು. ಹತ್ತು ಗಂಟೆ ಮ್ಯಾಲ ಗುಮ್ಮಟದ ಒಳಸುತ್ತಿನ ಪಿಸುಮಾತಿನ ಗ್ಯಾಲರ‍್ಯಾಗ ಹೋದ್ರ ಕೂಗಾಟ ಬಿಟ್ಟು ಏನೂ ಕೇಳೂದಿಲ್ಲ. ಮುಂಜಾನೆ ಆರಕ್ಕ ಬಾಗಲಾ ತಗೀತಾರ. ಆರೂವರಿ ಒಳಗ ಮ್ಯಾಲ ಇರ‍್ರಿ.

ಪಿಸುಮಾತು ಕೇಳಾಕ ಹಿಂಗ ಮಾಡ್ರಿ. ಒಬ್ಬರು ಒಂದ ಕಡೆ, ಇನ್ನೊಬ್ಬರು ಸರಿಯಾಗಿ ಎದರ ಕಡೆ ಗ್ವಾಡಿಗೆ ಹತ್ತಿ ಕೂಡ್ರಿ. ಮಾತಾಡಾವರು ಗ್ವಾಡಿ ಕಡೆ ಮಾರಿ ಮಾಡಿ ಮೆಲ್ಲಕ ಮಾತಾಡ್ರಿ. ಕೇಳಾವರು ಕಿವಿ ಗ್ವಾಡಿ ಸನೇಕ ಇಡ್ರಿ. ದನಿ ಬಾಗಿದ ಗ್ವಾಡಿಗುಂಟ ಹರಕೊಂಡು 37 ಮೀಟರ್ ಆಚಿ ಇದ್ದವರ ಕಿವಿಗೆ ಬಗಲಾಗ ನಿಂತು ಹೇಳಿದಂಗ ಮುಟ್ಟತೈತಿ. ನಡು ಗುಮ್ಮಟದ ಕಡೆ ಮಾರಿ ಮಾಡಿ ಒದರಿದ್ರ ಕೆಲಸ ಕೆಟ್ಟಿತು, ಒಂದ ಮಾತಿನ ಮ್ಯಾಲ ಇನ್ನೊಂದು ಕೂತು ಗದ್ದಲ ಆಗತೈತಿ. ಪ್ರತಿಧ್ವನಿ ಎಣಸಬೇಕಂದ್ರ ಒಂದ ಚಪ್ಪಾಳಿ ಹೊಡದು ಸುಮ್ಮನಾಗ್ರಿ. ಏಳು ಸಲ, ಸುತ್ತ ಶಾಂತ ಇದ್ರ ಅದಕ್ಕಿಂತ ಹೆಚ್ಚು ಕೇಳತೈತಿ. ಕೂಸಿನ ಕೈ ಬಿಡಬ್ಯಾಡ್ರಿ, ಕೆಳಗಿನ ನೆಲ 30 ಮೀಟರಿಗಿಂತ ಆಳದಾಗ ಐತಿ.

ಆಟೋ ಆದ್ರ ಜಾಗಾಗಳ ಹೆಸರು ಹೇಳಿ, ನಿಲ್ಲೂ ಹೊತ್ತೂ ಸೇರಿಸಿ ಇಡೀ ಸುತ್ತಿಗೆ ಒಂದ ದರ ಮದಲ ಮಾತಾಡಿಕೋರಿ. ಐದು ಮಂದಿ, ಅದರಾಗ ಹಿರ‍್ಯಾರು ಅಂದ್ರ ಕಾರ ಚಲೋ. ಟಾಂಗಾ ಸಿಗತಾವ, ಆದ್ರ ಹತ್ತಿಳಿಯೂದು ಮೊಣಕಾಲಿಗೆ ಆಗೂದಿಲ್ಲ.

ಕಮಾನುಕಲ್ಲು:
ಕೋಟೆಗೋಡೆಯವರ ಯೋಜನೆ ಚೆನ್ನಾಗಿದೆ, ಒಂದು ಬದಲಾವಣೆ ಮಾತ್ರ ಒತ್ತಿ ಹೇಳುತ್ತೇನೆ. ಗೋಳಗುಮ್ಮಟಕ್ಕಿಂತ ಮೊದಲು ಜುಮ್ಮಾ ಮಸೀದಿ ನೋಡಿ. ಗುರುವಾರ ಒಂಬತ್ತಕ್ಕೆ ಅಲ್ಲಿಗೆ ಹೋದರೆ ಹತ್ತೂವರೆಗೆ ಗುಮ್ಮಟಕ್ಕೆ ಬರಬಹುದು.

ಕಾರಣ ಕಟ್ಟಡದಲ್ಲೇ ಇದೆ. ಇಲ್ಲಿನ ಸುಲ್ತಾನ ಒಂದನೇ ಅಲಿ ಆದಿಲ್ ಶಾಹ 1570ರ ದಶಕದಲ್ಲಿ ಕಟ್ಟಿಸಲು ತೊಡಗಿದ ಈ ಮಸೀದಿಯ ನಡುಗುಮ್ಮಟದ ಕೆಳಗೆ ನಿಂತು ತಲೆಯೆತ್ತಿ. ಚೌಕದ ಮೇಲೆ ದುಂಡನೆಯ ಗುಮ್ಮಟ ಕೂರಬೇಕಾದರೆ ಮೂಲೆಗಳನ್ನು ಹೇಗಾದರೂ ತುಂಬಬೇಕು. ಇಲ್ಲಿ ಕಮಾನುಗಳು ಒಂದನ್ನೊಂದು ಹಾಯ್ದು ಹೋಗಿ, ಎರಡು ಚೌಕಗಳನ್ನು ಓರೆಯಾಗಿ ಇಟ್ಟಂತೆ ಎಂಟು ಮೂಲೆಯ ನಕ್ಷತ್ರವಾಗಿವೆ. ಆ ನಕ್ಷತ್ರದ ನಡುವೆ ಗುಮ್ಮಟ ಕೂತಿದೆ. ಈ ಗುಮ್ಮಟ ಗೋಳಗುಮ್ಮಟಕ್ಕಿಂತ ಚಿಕ್ಕದು, ಆದ್ದರಿಂದ ಕಮಾನು ಎಲ್ಲಿ ಹುಟ್ಟಿ ಎಲ್ಲಿ ಸೇರುತ್ತದೆ ಎಂಬುದು ಕಣ್ಣಿಗೆ ಸಿಗುತ್ತದೆ.

ಅದೇ ಉಪಾಯವನ್ನು ಸುಮಾರು 80 ವರ್ಷಗಳ ನಂತರ, 1656ರಲ್ಲಿ ಮುಗಿದ ಗೋಳಗುಮ್ಮಟದಲ್ಲಿ ದೊಡ್ಡ ಪ್ರಮಾಣದಲ್ಲಿ ಮಾಡಿದ್ದಾರೆ. ಗುಮ್ಮಟದ ಹೊರ ವ್ಯಾಸ 44 ಮೀಟರ್, ಬುಡದಲ್ಲಿ ಗೋಡೆಯ ದಪ್ಪ ಸುಮಾರು 3 ಮೀಟರ್, ಹಜಾರದಲ್ಲಿ ಒಂದೂ ಕಂಬವಿಲ್ಲ. ಗುಮ್ಮಟದ ಭಾರ ಗೋಡೆಗಳನ್ನು ಹೊರಕ್ಕೆ ದೂಡುತ್ತದೆ. ಒಳಕ್ಕೆ ಚಾಚಿಕೊಂಡಿರುವ ಕಮಾನುಗಳ ನಡುವಣ ತುಂಬುಗಟ್ಟಡದ ತೂಕ ಆ ದೂಡಿಕೆಯನ್ನು ಒಳಕ್ಕೆ ಎಳೆದು ಸರಿದೂಗಿಸುತ್ತದೆ. ಆ ಚಾಚಿನ ಮೇಲೆಯೇ ಪಿಸುಮಾತಿನ ಗ್ಯಾಲರಿ ಇರುವುದು. ಹತ್ತಲಾಗದ ಹಿರಿಯರು ಏನನ್ನೂ ಕಳೆದುಕೊಳ್ಳುವುದಿಲ್ಲ ಎಂದು ಹೇಳುವುದು ಇದಕ್ಕೇ: ಈ ಕಮಾನುಗಳ ಹೆಣಿಗೆ ಪೂರ್ತಿ ಕಾಣುವುದು ಕೆಳಗಿನಿಂದ, ಗ್ಯಾಲರಿಯಿಂದಲ್ಲ. ಹಜಾರದಲ್ಲಿ ಅರ್ಧ ಗಂಟೆ ಕೊಡಿ. ನಡುವಿನ ಕಟ್ಟೆಯ ಮೇಲಿರುವವು ಗೋರಿಯ ಗುರುತುಗಳಷ್ಟೇ. ಮುಹಮ್ಮದ್ ಆದಿಲ್ ಶಾಹ ಮತ್ತು ಅವನ ಮನೆಯವರ ನಿಜವಾದ ಗೋರಿಗಳು ಕೆಳಗಿನ ನೆಲಮಾಳಿಗೆಯಲ್ಲಿವೆ.

ಹತ್ತಬಲ್ಲವರು ಶುಕ್ರವಾರ ಬೆಳಿಗ್ಗೆ ಆರಕ್ಕೆ ಇನ್ನೊಂದು ಟಿಕೆಟ್ ತೆಗೆದು ಗ್ಯಾಲರಿಗಷ್ಟೇ ಹೋಗಿಬನ್ನಿ. ಹಿರಿಯರು ಅಷ್ಟು ಹೊತ್ತು ರೂಮಿನಲ್ಲೇ ವಿಶ್ರಾಂತಿ ತೆಗೆದುಕೊಳ್ಳಲಿ. ಅನಂತರ ಎಲ್ಲರೂ ಬಾರಾ ಕಮಾನ್‌ಗೆ. ಎರಡನೇ ಅಲಿ ಆದಿಲ್ ಶಾಹ 1672ರಲ್ಲಿ ತೀರಿಕೊಂಡಾಗ ಅವನ ಗೋರಿಯ ಕಟ್ಟಡ ಅರ್ಧಕ್ಕೇ ನಿಂತಿತು. ಗುಮ್ಮಟವಿಲ್ಲದೆ ಬರಿಯ ಕಮಾನುಗಳು ನಿಂತಿರುವುದರಿಂದ, ಹಿಂದಿನ ದಿನ ಕಂಡದ್ದರ ಎಲುಬುಗೂಡು ಇಲ್ಲಿ ಕಾಣುತ್ತದೆ. ಗಗನ್ ಮಹಲಿನ ನಡುಗಮಾನು 18 ಮೀಟರಿಗೂ ಅಗಲ, 1561ರದು. ಮೊದಲೇ ಇಷ್ಟು ಧೈರ್ಯವಿತ್ತು ಎಂಬುದಕ್ಕೆ ಅದೇ ಸಾಕ್ಷಿ.

ದಾರಿಬುತ್ತಿ:
ಜುಮ್ಮಾ ಮಸೀದಿ ಮೊದಲು ಎಂಬುದು ಮನಸ್ಸಿಗೆ ಹಿಡಿಸಿತು. ಗುರುವಾರದ ಮಧ್ಯಾಹ್ನ ತುಂಬಿಹೋದಂತೆ ಕಾಣುತ್ತದೆ, ಇಬ್ರಾಹಿಂ ರೋಜಾವನ್ನು ಶುಕ್ರವಾರ ಬೆಳಿಗ್ಗೆಗೆ ತಳ್ಳಬಹುದೇ?

ಕೋಟೆಗೋಡೆ:
ತಳ್ಳಬೇಡಿ. ಅಲ್ಲಿ ಒಂದೇ ಜಗಲಿಯ ಮೇಲೆ ಎರಡು ಕಟ್ಟಡಗಳಿವೆ: ಪೂರ್ವಕ್ಕೆ ಗೋರಿ, ಪಶ್ಚಿಮಕ್ಕೆ ಮಸೀದಿ, ನಡುವೆ ಕಾರಂಜಿಯ ಕೊಳ. ಕೆತ್ತನೆ ಹೆಚ್ಚಿರುವುದು ಗೋರಿಯ ಗೋಡೆಗಳಲ್ಲಿ. ಮಸೀದಿಯ ಕಡೆಗಿನ ಮುಖಕ್ಕೆ ಬಿಸಿಲು ಬೀಳುವುದು ಮಧ್ಯಾಹ್ನದ ಮೇಲೆಯೇ. ಓರೆ ಬಿಸಿಲಿನಲ್ಲಿ ಕಲ್ಲಿನ ಅಕ್ಷರಗಳು ಎದ್ದು ನಿಲ್ಲುತ್ತವೆ. ಬೆಳಿಗ್ಗೆ ಆ ಮುಖ ನೆರಳಿನಲ್ಲಿರುತ್ತದೆ.

ಕಿಟಕಿಗಳನ್ನು ಬಿಡದೆ ನೋಡಿ. ಜಾಲರಿಯ ಬದಲು ಅರಬ್ಬಿ ಅಕ್ಷರಗಳನ್ನೇ ಕೊರೆದು ಬೆಳಕಿಗೆ ದಾರಿ ಮಾಡಿದ್ದಾರೆ. ಒಳಗೋಣೆಯ ಚಾವಣಿ ಚಪ್ಪಟೆ, ಅಡಿಯಲ್ಲಿ ಆಧಾರವೇ ಇಲ್ಲದಂತೆ ತೋರುತ್ತದೆ. ಎರಡನೇ ಇಬ್ರಾಹಿಂ ತನ್ನ ರಾಣಿ ತಾಜ್ ಸುಲ್ತಾನಾಳಿಗೆಂದು ಆರಂಭಿಸಿದ ಕಟ್ಟಡವಿದು. ಅವನೂ ಇಲ್ಲೇ ಮಲಗಿದ್ದಾನೆ. ಒಂದೂವರೆ ಗಂಟೆಯಾದರೂ ಬೇಕು. ಜಗಲಿ ಹತ್ತುವಾಗ ಚಪ್ಪಲಿ ಬಿಡಬೇಕು, ಕಲ್ಲು ಮಧ್ಯಾಹ್ನ ಕಾದಿರುತ್ತದೆ. ಹಿರಿಯರಿಗೆ ಕಾಲುಚೀಲ ತನ್ನಿ.

ಗುರುವಾರ ಹೊತ್ತು ಸಾಲದಿದ್ದರೆ ಶುಕ್ರವಾರದ ಪಟ್ಟಿಯಿಂದ ಮೆಹತರ್ ಮಹಲ್ ಮತ್ತು ತಾಜ್ ಬಾವಡಿಯನ್ನು ಬಿಡಿ, ಇದನ್ನಲ್ಲ. ತೋಪು ಬಿಡಬೇಡಿ, ಹತ್ತು ನಿಮಿಷದ ಕೆಲಸ: 1549ರಲ್ಲಿ ಅಹ್ಮದನಗರದಲ್ಲಿ ಎರಕ ಹೊಯ್ದದ್ದು, ತೂಕ ಸುಮಾರು 55 ಟನ್. ಅದರ ಬಾಯಿಯ ಪಕ್ಕಕ್ಕೆ ಹೋಗಿ ನೋಡಿ, ಸಿಂಹದ ದವಡೆಯಲ್ಲಿ ಸಿಕ್ಕ ಆನೆ ಹುಡುಗಿಗೆ ಇಷ್ಟವಾಗುತ್ತದೆ. ಉಪ್ಪಲಿ ಬುರುಜ್ 24 ಮೀಟರ್ ಎತ್ತರ, ಮೆಟ್ಟಿಲುಗಳು ಹೊರಮೈಗೆ ಸುತ್ತಿಕೊಂಡಿವೆ. ಮಂಡಿನೋವಿನವರು ಕೆಳಗೇ ಕೂರಲಿ. ಉಳಿದವರು ಐದು ಗಂಟೆಗೆ ಹತ್ತಿದರೆ ಪೂರ್ವಕ್ಕೆ ಗೋಳಗುಮ್ಮಟ, ಪಶ್ಚಿಮಕ್ಕೆ ರೋಜಾದ ಮಿನಾರಗಳು ಒಂದೇ ಸುತ್ತಿನಲ್ಲಿ ಕಾಣುತ್ತವೆ. ಕತ್ತಲಾಗುವ ಮುಂಚೆ ಇಳಿಯಿರಿ.