ಆಲ್-ಇನ್-ಒನ್ ಕಂಪ್ಯೂಟರನ್ನು ಉದ್ದಕ್ಕೆ ತಿರುಗಿಸಿದ ಮೇಲೆ ಬಿಸಿ ಜಾಸ್ತಿ, ಏನು ಮಾಡುವುದು?

ಬದಿಯಡ್ಕದ ಡಿಟಿಪಿ:
ನಮಸ್ಕಾರ. ನನ್ನದು ಡಿಟಿಪಿ ಅಂಗಡಿ. ಮದುವೆ ಕಾಗದ, ಬ್ರಹ್ಮಕಲಶದ ಆಮಂತ್ರಣ, ಯಕ್ಷಗಾನದ ಹ್ಯಾಂಡ್‌ಬಿಲ್, ಎಲ್ಲವೂ ಉದ್ದ ಪುಟ. ಅದಕ್ಕೇ 24 ಇಂಚಿನ ಆಲ್-ಇನ್-ಒನ್ ಕಂಪ್ಯೂಟರನ್ನು (ಪರದೆಯ ಹಿಂದೆಯೇ ಇಡೀ ಕಂಪ್ಯೂಟರ್ ಇರುವಂಥದ್ದು) ಗೋಡೆಯ ಸ್ಟ್ಯಾಂಡಿಗೆ ಹಾಕಿ ಉದ್ದಕ್ಕೆ ತಿರುಗಿಸಿದೆ. ಪುಟ ಪೂರ್ತಿ ಕಾಣುತ್ತದೆ, ಕೆಲಸ ಸಲೀಸು. ಆದರೆ ಫ್ಯಾನ್ ಒಂದೇ ಸಮ ಕೂಗುತ್ತದೆ, ಫೋಟೋಶಾಪ್ ತೆರೆದರೆ ಪ್ರೊಸೆಸರ್ 95 ಡಿಗ್ರಿ. ಮೊದಲು 75 ದಾಟುತ್ತಿರಲಿಲ್ಲ. ಹೀಗೆ ತಿರುಗಿಸಿದರೆ ಬಿಸಿ ಮೇಲೆ ಹೋಗಲಿಕ್ಕೆ ದಾರಿ ಇಲ್ಲ ಅಂತ ಪಕ್ಕದ ಅಂಗಡಿಯವರು ಹೇಳುತ್ತಾರೆ. ಹೌದಾ? ಹಾರ್ಡ್‌ಡಿಸ್ಕ್‌ಗೆ ತೊಂದರೆ ಉಂಟಾ?

ಉಪ್ಪಳ:
ಅಣ್ಣಾ, ಬಿಸಿ ಗಾಳಿ ಮೇಲೇರುವುದು ನಿಜ, ಆದರೆ ಫ್ಯಾನ್ ಇರುವ ಮೆಷಿನಿನಲ್ಲಿ ಅದರ ಪಾಲು ತೀರಾ ಕಡಿಮೆ. ನೋಡಬೇಕಾದ್ದು ಗಾಳಿಯ ದಾರಿ. ತುಂಬಾ ಆಲ್-ಇನ್-ಒನ್‌ಗಳು ಕೆಳಗಿನ ಅಂಚಿನಿಂದ ಗಾಳಿ ಎಳೆದು ಹಿಂದುಗಡೆ ಮೇಲಿನಿಂದ ಬಿಡುತ್ತವೆ. ತಿರುಗಿಸಿದಾಗ ಅವೆರಡೂ ಎಡಕ್ಕೆ, ಬಲಕ್ಕೆ ಬರುತ್ತವೆ. ಆ ಬದಿಯಲ್ಲಿ ಗೋಡೆಯೋ ಕಪಾಟೋ ಇದ್ದರೆ ಹೊರಬಂದ ಬಿಸಿಗಾಳಿಯನ್ನೇ ಅದು ಮತ್ತೆ ಎಳೆದುಕೊಳ್ಳುತ್ತದೆ. ಟಿಶ್ಯೂ ಪೇಪರಿನ ಸಣ್ಣ ತುಂಡು ಕಿಂಡಿಯ ಹತ್ತಿರ ಹಿಡಿಯಿರಿ. ಅಂಟಿಕೊಂಡರೆ ಗಾಳಿ ಒಳಗೆ ಹೋಗುವ ಜಾಗ, ಹಾರಿದರೆ ಹೊರಬರುವ ಜಾಗ.

ಇನ್ನೊಂದು ಹೀಟ್ ಪೈಪ್. ಮುಚ್ಚಿದ ತಾಮ್ರದ ಕೊಳವೆ, ಒಳಗೆ ಚೂರೇ ಚೂರು ನೀರು. ಪ್ರೊಸೆಸರಿನ ಬಿಸಿಗೆ ಅದು ಆವಿಯಾಗಿ ಫ್ಯಾನಿನ ಹತ್ತಿರ ಹೋಗಿ ತಣಿಯುತ್ತದೆ, ಮತ್ತೆ ನೀರಾಗಿ ದೀಪದ ಬತ್ತಿಯಲ್ಲಿ ಎಣ್ಣೆ ಏರಿದ ಹಾಗೆ ಒಳಪದರದ ಮೂಲಕ ವಾಪಸ್ ಬರುತ್ತದೆ. ಪ್ರೊಸೆಸರ್ ಮೇಲೆ, ಫ್ಯಾನ್ ಕೆಳಗೆ ಬಂದರೆ ಆ ನೀರು ಎತ್ತರಕ್ಕೆ ಹತ್ತಬೇಕು, ಆಗ ಬಿಸಿ ಸಾಗಿಸುವ ಶಕ್ತಿ ಕುಂದುತ್ತದೆ. ಪೈಪ್ ಚೆನ್ನಾಗಿದ್ದರೆ ವ್ಯತ್ಯಾಸ ಸಣ್ಣದು. 2022ರ ಡಿಸೆಂಬರಿನಲ್ಲಿ ಬಂದ ಎಎಂಡಿಯ ಆರ್‌ಎಕ್ಸ್ 7900 ಎಕ್ಸ್‌ಟಿಎಕ್ಸ್ ಗ್ರಾಫಿಕ್ಸ್ ಕಾರ್ಡುಗಳಲ್ಲಿ ಕೆಲವಕ್ಕೆ ವೇಪರ್ ಚೇಂಬರಿನೊಳಗೆ (ಹೀಟ್ ಪೈಪಿನ ಹಾಗೆಯೇ ಕೆಲಸ ಮಾಡುವ ಚಪ್ಪಟೆ ಪೆಟ್ಟಿಗೆ) ನೀರು ಸಾಲದೆ 110 ಡಿಗ್ರಿ ಮುಟ್ಟುತ್ತಿತ್ತು, ಅದೇ ಕಾರ್ಡನ್ನು ನಿಲ್ಲಿಸಿ ಇಟ್ಟರೆ ತಣ್ಣಗಿರುತ್ತಿತ್ತು. ಹಾಗಾಗಿ ಸ್ಟ್ಯಾಂಡಿನಲ್ಲಿ ಒಮ್ಮೆ ತಲೆಕೆಳಗು ಮಾಡಿ, ಅಂದರೆ ಎಡದ ಅಂಚು ಬಲಕ್ಕೆ ಬರುವ ಹಾಗೆ ತಿರುಗಿಸಿ ನೋಡಿ.

ಕುಂಬಳೆ:
ಹಾರ್ಡ್‌ಡಿಸ್ಕ್ ಮಲಗಿಸಿದರೂ ನಿಲ್ಲಿಸಿದರೂ ಓಡುತ್ತದೆ ಮಾರಾಯ್ರೆ, ಹೆದರಬೇಡಿ. ತಿರುಗಿಸುವಾಗ ಮಾತ್ರ ಮೆಷಿನ್ ಆಫ್ ಇರಲಿ. ಕಿಂಡಿಯ ಧೂಳೂ ತೆಗೆಯಿರಿ, ನಮ್ಮ ಕರಾವಳಿಯ ತೇವಕ್ಕೆ ಧೂಳು ಕೆಸರಿನ ಹಾಗೆ ಗಟ್ಟಿಯಾಗುತ್ತದೆ, ಬ್ಲೋವರ್ ಹಿಡಿದರೂ ಏಳುವುದಿಲ್ಲ, ಮೆತ್ತನೆ ಬ್ರಶ್ಶೇ ಬೇಕು.

ಬದಿಯಡ್ಕದ ಡಿಟಿಪಿ:
ಟಿಶ್ಯೂ ಹಿಡಿದು ನೋಡಿದೆ. ಬಿಸಿಗಾಳಿ ಬರುವ ಕಿಂಡಿ ಕಾಗದದ ಕಪಾಟಿನ ಬದಿಗಿತ್ತು, ಕಪಾಟಿನ ಹಲಗೆ ಮುಟ್ಟಿದರೇ ಬೆಚ್ಚಗೆ. ಇನ್ನೊಂದು ಬದಿಗೆ ತಿರುಗಿಸಿದೆ, ಈಗ 80ರ ಆಸುಪಾಸು. ತುಂಬಾ ಉಪಕಾರ ಆಯ್ತು. ಆದರೆ ಒತ್ತಕ್ಷರಗಳ ಅಂಚಿನಲ್ಲಿ ಕೆಂಪು, ನೀಲಿ ಕಾಣುತ್ತದಲ್ಲ, ಇದೂ ಬಿಸಿಯಿಂದಲಾ?

ಉಪ್ಪಳ:
ಅಲ್ಲ. ಪರದೆಯ ಒಂದೊಂದು ಚುಕ್ಕಿಯಲ್ಲೂ ಕೆಂಪು, ಹಸಿರು, ನೀಲಿ ಪಟ್ಟಿ ಅಕ್ಕಪಕ್ಕ ಇರುತ್ತವೆ ಅಂತ ಲೆಕ್ಕ ಹಾಕಿ ವಿಂಡೋಸಿನ ಕ್ಲಿಯರ್‌ಟೈಪ್ ಎಂಬ ಸೌಲಭ್ಯ ಅಕ್ಷರದ ಅಂಚು ತಿದ್ದುತ್ತದೆ. ಪರದೆ ತಿರುಗಿದಾಗ ಪಟ್ಟಿಗಳು ಒಂದರ ಮೇಲೊಂದು ಬರುತ್ತವೆ, ಲೆಕ್ಕ ತಪ್ಪುತ್ತದೆ. ಕ್ಲಿಯರ್‌ಟೈಪ್ ಆಫ್ ಮಾಡಿ ನೋಡಿ. ಪ್ರಿಂಟಿನಲ್ಲಿ ಈ ಬಣ್ಣ ಬರುವುದಿಲ್ಲ.