ಬೆರ್ನ್‌ಹಾರ್ಡ್ ಲ್ಯಾಂಗರ್ ಅವರಿಗೆ ಪತ್ರ ಬರೆಯಬೇಕು, ಏನು ಬರೆಯಲಿ?

ನೀರ್ಚಾಲ್ ತೋಟದವ

ಎಲ್ಲರಿಗೂ ನಮಸ್ಕಾರ. ನಮ್ಮ ಕಾಸರಗೋಡಿನಲ್ಲಿ ಗಾಲ್ಫ್ ನೋಡುವವರು ಕಡಿಮೆ ಅಂತ ಗೊತ್ತು. ಆದರೂ ಕೇಳುತ್ತೇನೆ. ಜರ್ಮನಿಯ ಬೆರ್ನ್‌ಹಾರ್ಡ್ ಲ್ಯಾಂಗರ್ ಅವರ ಅಭಿಮಾನಿಗಳು ಇಲ್ಲಿ ಇನ್ನು ಯಾರಾದರೂ ಇದ್ದೀರಾ? ಅವರಿಗೊಂದು ಪತ್ರ ಬರೆಯಬೇಕು ಅಂತ ಬಹಳ ದಿನದಿಂದ ಮನಸ್ಸಿನಲ್ಲಿದೆ. ಕೂತಾಗಲೆಲ್ಲ ಮೊದಲ ಸಾಲಿನಲ್ಲೇ ಪೆನ್ನು ನಿಂತುಬಿಡುತ್ತದೆ.

ನನ್ನ ವಿಷಯ ಸ್ವಲ್ಪ ಹೇಳುತ್ತೇನೆ. ಇಲ್ಲದಿದ್ದರೆ ಇಷ್ಟು ಅಭಿಮಾನ ಯಾಕೆ ಅಂತ ಅರ್ಥ ಆಗಲಿಕ್ಕಿಲ್ಲ. 1997ರಿಂದ 2010ರವರೆಗೆ ನಾನು ದುಬೈಯಲ್ಲಿದ್ದೆ. ಒಂದು ಗಾಲ್ಫ್ ಮೈದಾನದಲ್ಲಿ ಹುಲ್ಲಿನ ಕೆಲಸ. ಹೋಗುವಾಗ ಗಾಲ್ಫ್ ಅಂದರೆ ಏನು ಅಂತಲೇ ಗೊತ್ತಿರಲಿಲ್ಲ. ಬೆಳಗಿನ ನಾಲ್ಕೂವರೆಗೆ ಕೆಲಸ ಶುರು. ಮೊದಲು ಉದ್ದದ ಕೋಲು ಆಡಿಸಿ ಇಬ್ಬನಿ ಉದುರಿಸಬೇಕು. ಆಮೇಲೆ ಗ್ರೀನ್ ಕತ್ತರಿಸಬೇಕು. ಗ್ರೀನ್ ಅಂದರೆ ಗುಂಡಿ ಇರುವ ನುಣುಪು ಜಾಗ. ನಮ್ಮಲ್ಲಿ ಅಡಿಕೆ ಒಣ ಹಾಕಲು ಸೆಗಣಿ ಸಾರಿಸಿದ ಅಂಗಳ ಇರುತ್ತದಲ್ಲ, ಆ ನುಣುಪು. ಅಲ್ಲಿ ಹುಲ್ಲಿನ ಎತ್ತರ ಬರೀ ಮೂರು ನಾಲ್ಕು ಮಿಲಿಮೀಟರ್.

ನಾಲ್ಕು ವರ್ಷ ಕಳೆದ ಮೇಲೆ ಗುಂಡಿ ಕೊರೆಯುವ ಕೆಲಸ ನನಗೆ ಕೊಟ್ಟರು. ಗುಂಡಿಯ ಬಾಯಿ 108 ಮಿಲಿಮೀಟರ್, ಜಗತ್ತಿನ ಯಾವ ಮೈದಾನಕ್ಕೆ ಹೋದರೂ ಅಷ್ಟೇ. ಒಂದೇ ಕಡೆ ಜನ ನಡೆದರೆ ಹುಲ್ಲು ಸವೆಯುತ್ತದೆ. ಹಾಗಾಗಿ ಆಗಾಗ ಹಳೆಯದನ್ನು ಮುಚ್ಚಿ ಹೊಸ ಜಾಗದಲ್ಲಿ ಕೊರೆಯಬೇಕು. ಕಟ್ಟರ್ ಒತ್ತಿ ತಿರುಗಿಸಿ ಮೇಲೆತ್ತಿದರೆ ಹುಲ್ಲು, ಬೇರು, ಮಣ್ಣು ಎಲ್ಲ ಸೇರಿ ಒಂದು ಉರುಟು ಗಟ್ಟಿ ಬರುತ್ತದೆ. ಅದನ್ನೇ ಹಳೆಯ ಗುಂಡಿಗೆ ಇಳಿಸಬೇಕು. ಅಂಚನ್ನು ಬೆರಳಿನಿಂದ ಒತ್ತಿ, ನೀರು ಕುಡಿಸಿ, ಮೇಲೆ ಅಂಗೈ ಇಟ್ಟು ನೋಡಬೇಕು. ಕೂದಲೆಳೆಯಷ್ಟು ಎತ್ತರ ಉಳಿದರೂ ಚೆಂಡು ದಾರಿ ತಪ್ಪುತ್ತದೆ. ಆಗ ಆಟಗಾರರು ನಮ್ಮ ಕಡೆ ಕೈ ತೋರಿಸುತ್ತಾರೆ. ಪಟ್ (ಗ್ರೀನ್ ಮೇಲೆ ಚೆಂಡನ್ನು ಗುಂಡಿಗೆ ಉರುಳಿಸುವ ಹೊಡೆತ) ತಪ್ಪಿದರೆ ಹುಲ್ಲಿನವನ ತಪ್ಪು. ಇದನ್ನು ಹದಿಮೂರು ವರ್ಷ ಕೇಳಿದ್ದೇನೆ.

ಒಂದು ಸಂಜೆ ಕ್ಯಾಂಟೀನಿನ ಟಿ.ವಿ.ಯಲ್ಲಿ 1991ರ ರೈಡರ್ ಕಪ್ ಹಾಕಿದ್ದರು. ಅಮೆರಿಕದ ಕಿಯಾವಾ ಐಲೆಂಡ್‌ನಲ್ಲಿ ಆದದ್ದು. ಅಮೆರಿಕ ಮತ್ತು ಯುರೋಪ್ ತಂಡಗಳ ಮೂರು ದಿನದ ಆಟ ಕೊನೆಗೆ ಲ್ಯಾಂಗರ್ ಅವರ ಒಂದೇ ಒಂದು ಪಟ್‌ಗೆ ಬಂದು ನಿಂತಿತ್ತು. ಆರು ಅಡಿ ದೂರ. ಬಿದ್ದರೆ 14-14, ಕಪ್ ಅದು ಮೊದಲೇ ಇದ್ದ ಯುರೋಪಿನಲ್ಲೇ ಉಳಿಯುತ್ತದೆ. ತಪ್ಪಿದರೆ ಅಮೆರಿಕಕ್ಕೆ. ಸುತ್ತ ಕೂತಿದ್ದವರೆಲ್ಲ ಅವರ ಮುಖ ನೋಡುತ್ತಿದ್ದರು. ನಾನು ಹುಲ್ಲು ನೋಡುತ್ತಿದ್ದೆ.

ಚೆಂಡು ಹೋಗಬೇಕಾದ ದಾರಿಯಲ್ಲಿ ಶೂವಿನ ಮೊಳೆ ಎಬ್ಬಿಸಿದ ಎರಡು ಗುರುತು ಇದ್ದವು ಅಂತ ಆಮೇಲೆ ಓದಿದೆ. ಆಗಿನ ನಿಯಮದಲ್ಲಿ ಅದನ್ನು ಮುಟ್ಟಿ ಸರಿ ಮಾಡುವ ಹಾಗಿರಲಿಲ್ಲ. (ಮುಟ್ಟಬಹುದು ಅಂತ ಆದದ್ದು 2019ರಲ್ಲಿ.) ಅವರು ಆ ಗುರುತು ತಪ್ಪಿಸಲು ಸ್ವಲ್ಪ ನೇರವಾಗಿ ಹೊಡೆದರು. ಚೆಂಡು ಬಲಗಡೆಯ ಅಂಚು ಸವರಿಕೊಂಡು ಹೋಯಿತು. ತಲೆ ಹಿಂದಕ್ಕೆ ಹಾಕಿ, ಬಾಯಿ ತೆರೆದು ನಿಂತ ಆ ಮುಖ ಈಗಲೂ ಕಣ್ಣ ಮುಂದೆ ಉಂಟು.

ಮೊಳೆಯ ಗುರುತು ಎಂತದ್ದು ಅಂತ ನನಗೆ ಗೊತ್ತು. ದಿನಾ ಬೆಳಗ್ಗೆ ಮೊಣಕಾಲೂರಿ ಅದನ್ನೇ ಸರಿ ಮಾಡುತ್ತಿದ್ದವ ನಾನು. ಹೇಳಿಕೊಳ್ಳಲು ಅವರಿಗೆ ನಿಜವಾದ ಕಾರಣ ಇತ್ತು. ಆದರೆ ಮೈದಾನದವರ ಮೇಲೆ ಅವರು ಒಂದು ಮಾತು ಹೇಳಿದ್ದು ನಾನು ಓದಿದ ಎಲ್ಲೂ ಕಂಡಿಲ್ಲ. ಮನೆಗೆ ಹೋದರು. ಮರುವಾರ ಜರ್ಮನ್ ಮಾಸ್ಟರ್ಸ್ ಆಡಿದರು, ಗೆದ್ದರು. ಅವತ್ತಿನಿಂದ ನಾನು ಅವರ ಕಡೆಯವ.

ಅವರ ತಂದೆ ಗಾರೆ ಕೆಲಸದವರು. ಯುದ್ಧ ಮುಗಿಯುವಾಗ ಸೈಬೀರಿಯಾಕ್ಕೆ ಹೊರಟಿದ್ದ ಕೈದಿಗಳ ರೈಲಿನಿಂದ ಹಾರಿ ತಪ್ಪಿಸಿಕೊಂಡವರು. ಆನ್‌ಹೌಸನ್ ಅನ್ನುವ ಸಣ್ಣ ಊರು. ಮಗ ಎಂಟೊಂಬತ್ತು ವರ್ಷಕ್ಕೇ ಸೈಕಲ್ಲಿನಲ್ಲಿ ಗಾಲ್ಫ್ ಕ್ಲಬ್ಬಿಗೆ ಹೋಗಿ ಬೇರೆಯವರ ಚೀಲ ಹೊತ್ತು ಕಾಸು ಸಂಪಾದಿಸಿದ. ಆ ಹುಡುಗನೇ ಮುಂದೆ 1985 ಮತ್ತು 1993ರಲ್ಲಿ ಅಮೆರಿಕದ ದೊಡ್ಡ ಪಂದ್ಯ ಮಾಸ್ಟರ್ಸ್ ಗೆದ್ದದ್ದು. 1986ರಲ್ಲಿ ವಿಶ್ವ ರ‍್ಯಾಂಕಿಂಗ್ ಪಟ್ಟಿ ಮೊದಲ ಸಲ ಬಂದಾಗ ಒಂದನೇ ಹೆಸರು ಅವರದೇ.

2025ರ ಏಪ್ರಿಲ್‌ನಲ್ಲಿ ಅವರ ಕೊನೆಯ ಮಾಸ್ಟರ್ಸ್. ವಯಸ್ಸು 67. ವಿಷುವಿಗೆ ಎರಡು ದಿನ ಇತ್ತು, ಮನೆಯವರೆಲ್ಲ ಮಲಗಿದ್ದರು. ನಾನು ಚಾವಡಿಯಲ್ಲಿ ಮೊಬೈಲ್ ಹಿಡಿದು ಕೂತಿದ್ದೆ. ಕೊನೆಯ ಹೋಲ್‌ನಲ್ಲಿ, ಅಂದರೆ ಕೊನೆಯ ಗುಂಡಿಯ ಆಟದಲ್ಲಿ, ಒಂದು ಹೊಡೆತ ಜಾಸ್ತಿ ಆಯಿತು. ಶನಿವಾರ, ಭಾನುವಾರ ಆಡುವ ಅವಕಾಶ ಆ ಒಂದೇ ಹೊಡೆತದಲ್ಲಿ ಕೈ ತಪ್ಪಿತು. ಜನ ಎದ್ದು ನಿಂತು ಚಪ್ಪಾಳೆ ಹೊಡೆದರು. ನಾನೂ ಎದ್ದು ನಿಂತೆ.

ಈಗ ಹೇಳಿ. ಇಂಥವರಿಗೆ ಏನು ಬರೆಯುವುದು? ನನಗೆ ಇಂಗ್ಲಿಷ್ ಬರವಣಿಗೆ ಅಷ್ಟು ಬರುವುದಿಲ್ಲ. ಕನ್ನಡದಲ್ಲಿ ಬರೆದರೆ ಆಗುತ್ತದಾ?

ಮಂಜೇಶ್ವರ ಟೀಚರ್

ಅಣ್ಣ, ನನಗೆ ಗಾಲ್ಫ್ ಗೊತ್ತಿಲ್ಲ. ದುಡ್ಡಿದ್ದವರ ಆಟ ಅಂತ ದೂರದಿಂದಲೇ ಬಿಟ್ಟಿದ್ದೆ. ನೀವು ಬರೆದದ್ದನ್ನು ಎರಡು ಸಲ ಓದಿದೆ. ಗುಂಡಿ ಮುಚ್ಚಿ ಮೇಲೆ ಅಂಗೈ ಇಟ್ಟು ನೋಡುವುದು ಅಂತ ಬರೆದಿದ್ದೀರಲ್ಲ, ಅಲ್ಲಿ ನಿಂತೆ.

ಕನ್ನಡದಲ್ಲೇ ಬರೆಯಿರಿ. ಕೆಳಗೆ ಇಂಗ್ಲಿಷ್ ಅನುವಾದ ಯಾರಾದರೂ ಮಾಡಿಕೊಡಬಹುದು, ನಾನೂ ಮಾಡಿಕೊಡುತ್ತೇನೆ. ನಾವು ಮಕ್ಕಳನ್ನು ಕನ್ನಡ ಮಾಧ್ಯಮಕ್ಕೆ ಸೇರಿಸಿ ಅಂತ ಮನೆ ಮನೆಗೆ ಹೋಗಿ ಕೇಳುವವರು. ನಮ್ಮ ಊರಿನಿಂದ ಒಂದು ಕನ್ನಡ ಪತ್ರ ಅಷ್ಟು ದೂರ ಹೋಗುವುದಾದರೆ ಹೋಗಲಿ.

ಒಂದು ಮಾತು ಮಾತ್ರ. ಅವರು ಗೆದ್ದದ್ದರ ಪಟ್ಟಿ ಹಾಕಬೇಡಿ, ಅದು ಅವರಿಗೆ ಗೊತ್ತಿದೆ. ನಿಮ್ಮ ಕೆಲಸದ ಬಗ್ಗೆ ಬರೆಯಿರಿ. ಮತ್ತೆ ಒಂದು ಸಂಶಯ. ನಮ್ಮ ದೇಶದ ಗಾಲ್ಫ್ ಆಟಗಾರರಲ್ಲಿ ಜೀವ್ ಮಿಲ್ಖಾ ಸಿಂಗ್ ಇದ್ದಾರಲ್ಲ, ಅವರ ಮೇಲೆ ಈ ಪ್ರೀತಿ ಬರಲಿಲ್ಲವಾ? ಸುಮ್ನೆ ತಿಳಿದುಕೊಳ್ಳಲು ಕೇಳಿದೆ.

ಉಪ್ಪಳ ಹುಡುಗ

ಅಣ್ಣಾ, ನಾನಿದ್ದೇನೆ! ಹಾಸ್ಟೆಲಿನಲ್ಲಿ ರಾತ್ರಿ ಕೂತು ಗಾಲ್ಫ್ ನೋಡುವವ ನಾನೊಬ್ಬನೇ ಅಂದುಕೊಂಡಿದ್ದೆ.

ನೀವು ಒಂದು ದೊಡ್ಡ ವಿಷಯ ಬಿಟ್ಟಿದ್ದೀರಿ. ಕಿಯಾವಾದಲ್ಲಿ ಆ ದಿನ ಲ್ಯಾಂಗರ್ ಎದುರು ಆಡಿದ್ದು ಹೇಲ್ ಇರ್ವಿನ್. 50 ದಾಟಿದವರ ಚಾಂಪಿಯನ್ಸ್ ಟೂರ್‌ನಲ್ಲಿ 45 ಗೆಲುವಿನ ದಾಖಲೆ ಇದ್ದದ್ದು ಅದೇ ಇರ್ವಿನ್ ಹೆಸರಲ್ಲಿ. ಅದನ್ನು ಯಾರೂ ಮುರಿಯುವುದಿಲ್ಲ ಅಂತಿದ್ದರು. 2023ರ ಜುಲೈಯಲ್ಲಿ ವಿಸ್ಕಾನ್ಸಿನ್‌ನ ಸೆಂಟ್ರಿವರ್ಲ್ಡ್‌ನಲ್ಲಿ ಯು.ಎಸ್. ಸೀನಿಯರ್ ಓಪನ್ ಗೆದ್ದು ಲ್ಯಾಂಗರ್ 46ಕ್ಕೆ ತಲುಪಿದರು. ಆಗ 65 ವರ್ಷ. ಆರು ಅಡಿಯ ಪಟ್ ತಪ್ಪಿದಾಗ ಎದುರಿಗೆ ನಿಂತಿದ್ದವರ ದಾಖಲೆಯನ್ನೇ ಮೂವತ್ತೆರಡು ವರ್ಷ ಆದ ಮೇಲೆ ದಾಟಿದ್ದು!

2024ರ ಫೆಬ್ರವರಿಯಲ್ಲಿ ಟೆನಿಸ್ ತರಹದ ಪಿಕಲ್‌ಬಾಲ್ ಆಡುವಾಗ ಹಿಮ್ಮಡಿಯ ಮೇಲಿನ ಸ್ನಾಯುರಜ್ಜು ಹರಿದು ಆಪರೇಷನ್ ಆಯಿತು. ಮೇ ತಿಂಗಳಿಗೆ ಮತ್ತೆ ಆಟಕ್ಕೆ ಬಂದರು. ನವೆಂಬರ್‌ನಲ್ಲಿ ಫೀನಿಕ್ಸ್‌ನಲ್ಲಿ ಕೊನೆಯ ಹೋಲ್‌ಗೆ ಉದ್ದದ ಪಟ್ ಹಾಕಿ 47ನೆಯದನ್ನೂ ಗೆದ್ದರು. ನಮ್ಮ ಅಜ್ಜ ಆ ವಯಸ್ಸಿನಲ್ಲಿ ಮೆಟ್ಟಿಲು ಹತ್ತಲು ಗೋಡೆ ಹಿಡಿಯುತ್ತಿದ್ದರು.

ಪತ್ರವನ್ನು ಫ್ಲಾರಿಡಾದ ಪೊಂಟೆ ವೆಡ್ರಾ ಬೀಚ್‌ನಲ್ಲಿರುವ ಗಾಲ್ಫ್ ಪಂದ್ಯ ನಡೆಸುವ ಪಿ.ಜಿ.ಎ. ಟೂರ್ ಕಚೇರಿಗೆ ಅವರ ಹೆಸರು ಬರೆದು ಕಳಿಸಿ. ಮತ್ತೆ ಅವರು ಮರ ಹತ್ತಿದ್ದನ್ನು ಬರೆಯಲೇ ಇಲ್ಲವಲ್ಲ ಅಣ್ಣ!

ಮದ್ದಳೆ ಭಾವ

ನಾನು ಗಾಲ್ಫ್ ನೋಡುವವನಲ್ಲ. ಆದರೆ ಲ್ಯಾಂಗರ್ ಹೆಸರು ನನಗೆ ಗೊತ್ತು. ಗೊತ್ತಾದದ್ದು ಆಸ್ಪತ್ರೆಯಲ್ಲಿ.

ಇಪ್ಪತ್ತೆರಡು ವರ್ಷ ಮದ್ದಳೆ ನುಡಿಸಿದ್ದೇನೆ. ಆರು ವರ್ಷದ ಹಿಂದೆ ಒಂದು ತಾಳಮದ್ದಳೆಯಲ್ಲಿ ಬಲಗೈಯ ಉಂಗುರ ಬೆರಳು ತಾನಾಗಿ ಒಳಗೆ ಮಡಚಿತು. ಬಿಡಿಸಿ ಮತ್ತೆ ಇಟ್ಟರೆ ಮತ್ತೆ ಮಡಚಿತು. ಊಟ ಮಾಡುವಾಗ ಇಲ್ಲ, ಬರೆಯುವಾಗ ಇಲ್ಲ, ಬೈಕ್ ಓಡಿಸುವಾಗ ಇಲ್ಲ. ಮದ್ದಳೆಯ ಕರಣೆಯ (ನಡುವಿನ ಕಪ್ಪು ಭಾಗದ) ಮೇಲೆ ಕೈ ಇಟ್ಟರೆ ಮಾತ್ರ. ಒಬ್ಬರು ಹೆದರಿಕೆ ಅಂದರು, ಇನ್ನೊಬ್ಬರು ಯಾರೋ ಮಾಡಿಸಿದ್ದಾರೆ ಅಂದರು. ಕೊನೆಗೆ ಮಂಗಳೂರಿನ ಡಾಕ್ಟರ್ ಒಬ್ಬರು ಸರಿಯಾಗಿ ಬಿಡಿಸಿ ಹೇಳಿದರು. ಬೆರಳಿಗೆ ಏನೂ ಆಗಿಲ್ಲ. ಒಂದೇ ಸೂಕ್ಷ್ಮ ಕೆಲಸವನ್ನು ಸಾವಿರಾರು ಸಲ ಮಾಡಿದವರಿಗೆ ಮೆದುಳಿನಿಂದ ಹೋಗುವ ಅಪ್ಪಣೆ ಹೀಗೆ ಕಲಸಿಹೋಗುವುದುಂಟಂತೆ. ವಾದ್ಯದವರಿಗೆ ಬರುತ್ತದೆ, ಗಾಲ್ಫ್‌ನವರಿಗೂ ಬರುತ್ತದೆ. ಅವರು ಅದನ್ನು ಯಿಪ್ಸ್ ಅನ್ನುತ್ತಾರೆ. ಆಗ ಡಾಕ್ಟರ್ ಹೇಳಿದ ಹೆಸರೇ ಲ್ಯಾಂಗರ್.

ಮನೆಗೆ ಬಂದು ಹುಡುಕಿ ನೋಡಿದೆ. ಸಣ್ಣ ಪಟ್ ಹೊಡೆಯುವಾಗ ಅವರ ಕೈ ಜರ್ಕ್ ಹೊಡೆಯುತ್ತಿತ್ತು. ಒಂದು ಸಲ ಅಲ್ಲ, ನಾಲ್ಕು ಸಲ ಅದು ಬಂದು ಹೋಗಿದೆ ಅಂತ ಅವರೇ ಹೇಳಿದ್ದಾರೆ. ಒಂದೊಂದು ಸಲವೂ ಹಿಡಿತ ಬದಲಿಸಿದರು. 1985ರಲ್ಲಿ ಸಣ್ಣ ಪಟ್‌ಗೆ ಎಡಗೈ ಕೆಳಗೆ, ಬಲಗೈ ಮೇಲೆ. 1993ರ ಮಾಸ್ಟರ್ಸ್ ನೋಡಿದರೆ ಇನ್ನೊಂದು ರೀತಿ. ಎಡಗೈಯಿಂದ, ಪಟ್ ಹೊಡೆಯುವ ಪಟರ್‌ನ ಕೋಲನ್ನು ಕೆಳಗೆ ಹಿಡಿದು, ಕೋಲಿನ ಮೇಲ್ತುದಿಯನ್ನು ಅದೇ ಎಡಗೈಯ ಮುಂದೋಳಿಗೆ ಒರಗಿಸಿ, ಎರಡನ್ನೂ ಸೇರಿಸಿ ಬಲಗೈಯಿಂದ ಅಮುಕಿ ಹಿಡಿಯುವುದು. ಮುರಿದ ಕೈಗೆ ಹಲಗೆ ಕಟ್ಟಿದ ಹಾಗೆ ಕಾಣುತ್ತದೆ. ಅಷ್ಟು ಜನರ ಮುಂದೆ ಹಾಗೆ ನಿಂತು ನಾಲ್ಕು ಹೊಡೆತದ ಅಂತರದಲ್ಲಿ ಗೆದ್ದರು. ಆಮೇಲೆ ಉದ್ದದ ಪಟರ್. ಅದನ್ನು ಎದೆಗೆ ಊರುವುದು 2016ರಿಂದ ನಿಷೇಧ ಆಯಿತು. ಊರದೆಯೇ ಹೊಡೆಯಲು ಕಲಿತರು.

ನನಗೆ ದೊಡ್ಡದಾಗಿ ಕಂಡದ್ದು ಗೆದ್ದದ್ದಲ್ಲ. ನೋಡಿದವರು ಏನಂದುಕೊಂಡಾರು ಅನ್ನುವ ನಾಚಿಕೆಯನ್ನು ಅವರು ಬಿಟ್ಟದ್ದು. ಅದೇ ನಾಚಿಕೆಗೆ ನಾನು ಎರಡು ವರ್ಷ ಮದ್ದಳೆಯನ್ನು ಬಟ್ಟೆ ಸುತ್ತಿ ಅಟ್ಟದಲ್ಲಿ ಇಟ್ಟಿದ್ದೆ. ಆಮೇಲೆ ಇಳಿಸಿದೆ. ಈಗ ಉಂಗುರ ಬೆರಳನ್ನು ಬಿಟ್ಟು ನುಡಿಸಲು ಕಲಿಯುತ್ತಿದ್ದೇನೆ. ಮಣಿಕಟ್ಟು ಸ್ವಲ್ಪ ಓರೆ ಇಡಬೇಕಾಗುತ್ತದೆ, ನೋಡಲು ಚೆಂದ ಇಲ್ಲ. ಪ್ರಸಂಗದ ಮೊದಲ ಒಂದು ಗಂಟೆ ಕೂರುತ್ತೇನೆ. ಪತ್ರದಲ್ಲಿ ಜಾಗ ಇದ್ದರೆ ಕುಂಬಳೆ ಸೀಮೆಯ ಒಬ್ಬ ಮದ್ದಳೆಗಾರನ ನಮಸ್ಕಾರ ಅಂತ ಒಂದು ಸಾಲು ಸೇರಿಸಿ.

ನೀರ್ಚಾಲ್ ತೋಟದವ

ಭಾವ, ನಿಮ್ಮ ಸಾಲು ಖಂಡಿತ ಸೇರಿಸುತ್ತೇನೆ. ಆ ಹಿಡಿತವನ್ನು ನಾನು ಎಷ್ಟೋ ಸಲ ನೋಡಿದ್ದೇನೆ. ಆದರೆ ನೀವು ನೋಡಿದ ಹಾಗೆ ನೋಡಿರಲಿಲ್ಲ. ಮುಂದಿನ ತಾಳಮದ್ದಳೆ ಯಾವಾಗ, ಎಲ್ಲಿ ಅಂತ ತಿಳಿಸಿ. ಬಂದು ಮುಂದೆ ಕೂತು ಕೇಳುತ್ತೇನೆ.

ಟೀಚರ್, ಜೀವ್ ಅವರ ಮೇಲೂ ತುಂಬಾ ಗೌರವ ಉಂಟು. ಮಾಸ್ಟರ್ಸ್ ಆಡಿದ ಮೊದಲ ಭಾರತೀಯ ಅವರು, 2007ರಲ್ಲಿ. 2012ರಲ್ಲಿ ಅವರು ಸ್ಕಾಟಿಷ್ ಓಪನ್ ಗೆದ್ದ ದಿನ ತೋಟದಿಂದ ಬೇಗ ಬಂದು ಸುದ್ದಿಗೆ ಕಾದಿದ್ದೆ. ಆದರೆ ನನ್ನ ಕೆಲಸಕ್ಕೆ ಹತ್ತಿರ ಬಂದವರು ಲ್ಯಾಂಗರ್. ಬೇರೆ ಕಾರಣ ಇಲ್ಲ.

ತಮ್ಮಾ, ಮರದ ಕಥೆಯನ್ನು ಪತ್ರಕ್ಕೆ ಅಂತ ಇಟ್ಟುಕೊಂಡಿದ್ದೆ. ಉಳಿದವರಿಗೆ ಗೊತ್ತಿಲ್ಲದಿದ್ದರೆ ಹೇಳುತ್ತೇನೆ. 1981ರಲ್ಲಿ ಇಂಗ್ಲೆಂಡಿನ ಯಾರ್ಕ್ ಹತ್ತಿರ ಫುಲ್‌ಫೋರ್ಡ್‌ನಲ್ಲಿ, ಹದಿನೇಳನೇ ಹೋಲ್. ಚೆಂಡು ಹೋಗಿ ಮರದ ಕೊಂಬೆಯಲ್ಲಿ ಕೂತುಬಿಟ್ಟಿತು. ದಂಡದ ಹೊಡೆತ ಒಪ್ಪಿಕೊಂಡು ಕೆಳಗೆ ಹಾಕಿ ಆಡಬಹುದಿತ್ತು. ಅವರು ಮರ ಹತ್ತಿದರು. ಕೊಂಬೆಯ ಮೇಲೆ ಕಾಲು ಊರಿ ಅಲ್ಲಿಂದಲೇ ಹೊಡೆದು ಚೆಂಡನ್ನು ಗ್ರೀನ್‌ಗೆ ತಂದರು. ಆ ಫೋಟೋ ನನ್ನ ಹತ್ತಿರ ಉಂಟು. ನನ್ನ ತಂದೆ ಕಾಲಿಗೆ ತಳೆ ಹಾಕಿ ಅಡಿಕೆ ಮರ ಹತ್ತಿ ಕೊನೆ ತೆಗೆದವರು. ಒಂದು ಮರದ ತುದಿಯಲ್ಲಿ ತೂಗಿ ಪಕ್ಕದ ಮರ ಹಿಡಿಯುತ್ತಿದ್ದರು, ಕೆಳಗೆ ಇಳಿಯುತ್ತಿರಲಿಲ್ಲ. ಆ ಫೋಟೋ ತೋರಿಸಿದಾಗ ಅವರು ಬಹಳ ಹೊತ್ತು ನೋಡಿದರು. ಎಡಗಾಲು ಸರಿ ಜಾಗದಲ್ಲಿ ಇಟ್ಟಿದ್ದಾನೆ ಅಂದರು. ಅಷ್ಟೇ ಹೇಳಿದ್ದು.

ಟೀಚರ್ ಹೇಳಿದ ಮೇಲೆ ನಿನ್ನೆ ರಾತ್ರಿ ಕೂತೆ. ಮೊದಲ ಸಲ ಪೆನ್ನು ಮುಂದೆ ಹೋಯಿತು. ಇಷ್ಟು ಆಗಿದೆ:

"ಮಾನ್ಯ ಲ್ಯಾಂಗರ್ ಅವರೇ, ನಾನು ಕೇರಳದ ಕಾಸರಗೋಡು ಜಿಲ್ಲೆಯ ಅಡಿಕೆ ಕೃಷಿಕ. ಹಿಂದೆ ದುಬೈಯಲ್ಲಿ ಗಾಲ್ಫ್ ಮೈದಾನದ ಗುಂಡಿ ಕೊರೆಯುವ ಕೆಲಸದಲ್ಲಿದ್ದೆ. ನಿಮ್ಮ ಆಟವನ್ನು ನಾನು ಹುಲ್ಲಿನ ಕಡೆಯಿಂದ ನೋಡಿದವ. 1991ರಲ್ಲಿ ನಿಮ್ಮ ಚೆಂಡಿನ ದಾರಿಯಲ್ಲಿ ಎರಡು ಮೊಳೆಯ ಗುರುತು ಇದ್ದವು. ಅಂಥ ಗುರುತನ್ನು ಹದಿಮೂರು ವರ್ಷ ದಿನಾ ಬೆಳಗ್ಗೆ ಈ ಕೈಯಲ್ಲೇ ಸರಿ ಮಾಡಿದ್ದೇನೆ. ಆ ದಿನ ಅಲ್ಲಿ ಇದ್ದಿದ್ದರೆ ಅದನ್ನೂ ಸರಿ ಮಾಡುತ್ತಿದ್ದೆ. ನೀವು ನಮ್ಮವರನ್ನು ಬೈಯಲಿಲ್ಲ. ಅದಕ್ಕೆ ಈ ಪತ್ರ."

ಇದರ ಕೆಳಗೆ ಭಾವನ ಸಾಲು ಬರುತ್ತದೆ, ಆಮೇಲೆ ತಂದೆಯವರ ಮಾತು. ಟೀಚರ್, ನಾಳೆ ಶಾಲೆ ಬಿಟ್ಟ ಮೇಲೆ ಒಮ್ಮೆ ನೋಡಿ ತಿದ್ದಿ ಕೊಡುವಿರಾ?